ಮಿಯಾಟಾ ನಿಜಕ್ಕೂ ಎಷ್ಟು ಮೈಲೇಜ್ ಕೊಡುತ್ತೆ? ಇಟ್ಟುಕೊಂಡವರು ಹೇಳಿ

ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ಒಂದೇ ಕ್ಯಾಮ್ರಿ ಓಡಿಸಿದ್ದಾಯಿತು. ಮಗಳು ಕಾಲೇಜಿಗೆ ಹೊರಟುಹೋದಳು, ಮನೆಯಲ್ಲಿ ಇನ್ನೊಂದು ದೊಡ್ಡ ಗಾಡಿ ಇದ್ದೇ ಇದೆ. 2019ರ ಮಾಜ್ದಾ ಎಂಎಕ್ಸ್-5 ಮಿಯಾಟಾ, ಟಾಪ್ ತೆಗೆಯಬಹುದಾದ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, ಮ್ಯಾನ್ಯುಯಲ್ ಗೇರಿನದ್ದು, ನೋಡಿ ಇಟ್ಟಿದ್ದೇನೆ. ಸರ್ಕಾರಿ ಪರಿಸರ ಸಂಸ್ಥೆ ಇಪಿಎಯ ಚೀಟಿಯಲ್ಲಿ ಸಿಟಿ 26, ಹೈವೇ 34, ಒಟ್ಟಾರೆ 29 ಎಂಪಿಜಿ (ಗ್ಯಾಲನ್‌ಗೆ ಇಷ್ಟು ಮೈಲಿ) ಅಂತಿದೆ. ಆಫೀಸಿಗೆ ಹೈವೇ 880ರಲ್ಲಿ ಸ್ಯಾನ್ ಹೋಸೆವರೆಗೆ, ಹೋಗಿಬರಲು 35 ಮೈಲಿ. ಮನೆಯಾಕೆ ಕಾರಿನ ಫೋಟೋ ನೋಡಿ ಕೇಳಿದ್ದು ಒಂದೇ ಮಾತು: "ಮೈಲೇಜ್ ಎಷ್ಟು ಕೊಡುತ್ತೆ?" ಚೀಟಿಯ ಲೆಕ್ಕ ಬೇಡ, ಪಂಪಿನಲ್ಲಿ ದುಡ್ಡು ಕೊಟ್ಟವರ ಲೆಕ್ಕ ಬೇಕು. ಪ್ರೀಮಿಯಂ ಪೆಟ್ರೋಲೇ ಹಾಕಬೇಕಾ ಅನ್ನೋದನ್ನೂ ಹೇಳಿ.

ಸನಿವೇಲ್, ಕ್ಯಾಲಿಫೋರ್ನಿಯಾ

ನನ್ನದೂ 2019ರದ್ದೇ, ಮ್ಯಾನ್ಯುಯಲ್. ಮೂರು ವರ್ಷ, 31 ಸಾವಿರ ಮೈಲಿ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗಲೂ ಗ್ಲೋವ್‌ಬಾಕ್ಸ್... ಅಲ್ಲ, ಈ ಕಾರಲ್ಲಿ ಗ್ಲೋವ್‌ಬಾಕ್ಸೇ ಇಲ್ಲ, ಸೀಟುಗಳ ನಡುವಿನ ಹಿಂದಿನ ಗೂಡಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟು ಬರೆದಿದ್ದೇನೆ. ಒಟ್ಟು ಸರಾಸರಿ 30.6. ಊರಿನ ಭಾಷೆಯಲ್ಲಿ ಲೀಟರಿಗೆ 13 ಕಿಲೋಮೀಟರ್.

ಆದರೆ ಆ ಸರಾಸರಿಯಿಂದ ನಿಮಗೆ ಏನೂ ತಿಳಿಯೋದಿಲ್ಲ. ಪುಸ್ತಕ ತಿರುವಿದರೆ ಎರಡು ಬೇರೆ ಬೇರೆ ಕಾರಿನ ಲೆಕ್ಕ ಇದ್ದ ಹಾಗಿದೆ. ಬರೀ ಆಫೀಸಿಗೆ ಓಡಿಸಿದ ವಾರ 32, 33. ಶನಿವಾರ ಬೆಳಿಗ್ಗೆ ಹೈವೇ 9 ಹತ್ತಿ ಸ್ಕೈಲೈನ್ ಬೆಟ್ಟದ ರಸ್ತೆ ಸುತ್ತಿದ ವಾರ 24. ಒಂದೇ ಕಾರು, ಒಂದೇ ಪಂಪು, ಒಂದೇ ಕಾಲು. ಕಾಲಿನ ಮನಸ್ಸು ಮಾತ್ರ ಬೇರೆ. 2019ರಿಂದ ಈ 2 ಲೀಟರ್ ಎಂಜಿನ್‌ಗೆ 181 ಕುದುರೆಯ ಶಕ್ತಿ, ಸುತ್ತು ನಿಮಿಷಕ್ಕೆ 7500ರವರೆಗೆ ಹೋಗುತ್ತೆ. ಮೂರನೇ ಗೇರಿನಲ್ಲಿ ಆ ಸದ್ದು ಕೇಳಿದವನು 3000ಕ್ಕೇ ಗೇರ್ ಬದಲಿಸುತ್ತೇನೆ ಅಂದರೆ ನಂಬಬೇಡಿ.

ಟ್ರಾಫಿಕ್ಕಿನಲ್ಲಿ ಮೈಲೇಜ್ ಪಾತಾಳಕ್ಕೆ ಬೀಳುತ್ತೆ ಅಂತ ನಾನೂ ಹೆದರಿದ್ದೆ, ಅಷ್ಟೇನೂ ಬೀಳಲಿಲ್ಲ. ಕಾರಿನ ತೂಕ ಸುಮಾರು 1060 ಕಿಲೋ ಅಷ್ಟೇ. ನಿಂತು ಹೊರಡುವಾಗ ಎಳೆಯಬೇಕಾದ ಭಾರವೇ ಕಡಿಮೆ. ಪೆಟ್ರೋಲ್ ತಿನ್ನೋದು ಹೈವೇಯಲ್ಲಿ ವೇಗ ಏರಿಸಿದಾಗ. ಮ್ಯಾನ್ಯುಯಲ್‌ನಲ್ಲಿ ಆರನೇ ಗೇರು ನೇರ 1:1, ಹೈವೇಯಲ್ಲಿ ಎಂಜಿನ್‌ನ ಸುತ್ತು ಇಳಿಸುವ ಓವರ್‌ಡ್ರೈವ್ ಅಲ್ಲ. 75 ಮೈಲಿ ವೇಗದಲ್ಲಿ ಎಂಜಿನ್ ಸುಮಾರು 3000 ಸುತ್ತು ಸುತ್ತುತ್ತಿರುತ್ತೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ 65ರಿಂದ 80ಕ್ಕೆ ಹೋದರೆ ತಡೆ ಒಂದೂವರೆ ಪಟ್ಟು. 880ರಲ್ಲಿ ನಿಮಗೆ 80 ಹೊಡೆಯಲು ಯಾರೂ ಜಾಗ ಬಿಡೋದಿಲ್ಲ. ಒಂದು ರೀತಿಯಲ್ಲಿ ಅದೇ ನಿಮ್ಮ ಉಳಿತಾಯ.

ಟಾಪ್ ತೆಗೆದರೆ ಎಷ್ಟು ಕಡಿಮೆಯಾಗುತ್ತೆ ಅಂತ ನಾನೇ ನೋಡಿದೆ. ಸ್ಯಾನ್ ಹೋಸೆಯಿಂದ ಸಲಿನಾಸ್‌ವರೆಗೆ ಹೈವೇ 101ರಲ್ಲಿ, 70ಕ್ಕೆ ಕ್ರೂಸ್ ಹಾಕಿ ಒಂದು ಭಾನುವಾರ ಮುಚ್ಚಿಕೊಂಡು, ಮುಂದಿನ ಭಾನುವಾರ ತೆರೆದುಕೊಂಡು. 36 ಮತ್ತು 33 ಬಂತು. ಗಾಳಿ ಎರಡು ದಿನವೂ ಒಂದೇ ಥರ ಇತ್ತು ಅಂತ ಆಣೆ ಮಾಡಲಾರೆ. ಏನೇ ಇರಲಿ, ಟಾಪ್ ಮುಚ್ಚಿಕೊಂಡು ಓಡಿಸಲು ಮಿಯಾಟಾ ಯಾಕೆ?

ಪ್ರೀಮಿಯಂ ವಿಷಯ: ಕೈಪಿಡಿಯಲ್ಲಿ ಪ್ರೀಮಿಯಂ ಹಾಕಿದರೆ ಒಳ್ಳೆಯದು ಅಂತಿದೆ, ಹಾಕಲೇಬೇಕು ಅಂತಿಲ್ಲ. ಎಂಜಿನ್ ಒಳಗೆ ಗಾಳಿ-ಪೆಟ್ರೋಲ್ ಒತ್ತುವ ಪ್ರಮಾಣ, ಅಂದರೆ ಕಂಪ್ರೆಷನ್, 13:1. ರೆಗ್ಯುಲರ್ ಹಾಕಿದರೆ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳಿ ಎಂಜಿನ್ ಕಾಪಾಡುತ್ತೆ, ಕಸುವು ಸ್ವಲ್ಪ ಇಳಿಯುತ್ತೆ. ನಾನು 91 ಆಕ್ಟೇನ್‌ನ ಪ್ರೀಮಿಯಮ್ಮನ್ನೇ ಹಾಕೋದು.

ಡಲ್ಲಾಸ್, ಟೆಕ್ಸಸ್

ನಮ್ಮದು ಆಟೋಮ್ಯಾಟಿಕ್ ಐತ್ರಿ, 2017ರದ್ದು. ನಗಬ್ಯಾಡ್ರಿ, ಮೊಣಕಾಲು ನೋವು. ಆಟೋಮ್ಯಾಟಿಕ್‌ನ್ಯಾಗ ಆರನೇ ಗೇರು ಭಾಳ ಉದ್ದ ಐತಿ, ಹೈವೇದಾಗ ಎಂಜಿನ್ ಆರಾಮ ತಿರಗತೈತಿ, ಅದಕ್ಕ ಚೀಟಿ ಮ್ಯಾಲಿನ ಹೈವೇ ಲೆಕ್ಕ ಮ್ಯಾನ್ಯುಯಲ್‌ಗಿಂತ ಜಾಸ್ತಿ. ಆದ್ರ ಇಲ್ಲಿ ಟೋಲ್ ರಸ್ತೆದಾಗ 80ಕ್ಕ ಹೋದ್ರೂ ಹಿಂದಿನವ ಹಾರ್ನ್ ಹೊಡಿತಾನ. ನನಗ 31ರಿಂದ 33. ಆಗಸ್ಟ್ ತಿಂಗಳ 105 ಡಿಗ್ರಿ ಫ್ಯಾರನ್‌ಹೀಟ್ ಬಿಸಲಾಗ ಎಸಿ ಹಚ್ಚಿಕೊಂಡು ಊರಾಗ ಅಡ್ಡಾಡಿದ್ರ 26. ಬ್ಯಾಸಗಿದಾಗ ಟಾಪ್ ತಗಿಯೂ ಮಾತ ಇಲ್ಲ ಬಿಡ್ರಿ, ತಲಿ ರೊಟ್ಟಿ ಹಂಚ ಆಗತೈತಿ.

ಡೆಟ್ರಾಯಿಟ್ ಹತ್ತಿರ, ಮಿಷಿಗನ್

ಎಲ್ಲರೂ 30ರ ಮಾತಾಡುತ್ತಿದ್ದೀರಿ, ನನ್ನ 22ನ್ನೂ ಕೇಳಿ. ಮನೆಯಿಂದ ಆಫೀಸಿಗೆ 4 ಮೈಲಿ. ಜನವರಿಯಲ್ಲಿ ಎಂಜಿನ್ ಬಿಸಿಯಾಗುವ ಹೊತ್ತಿಗೆ ನಾನು ಪಾರ್ಕಿಂಗ್‌ನಲ್ಲಿರುತ್ತೇನೆ. ತಣ್ಣಗಿರುವ ಎಂಜಿನ್‌ಗೆ ಕಂಪ್ಯೂಟರ್ ಪೆಟ್ರೋಲ್ ಧಾರಾಳವಾಗಿ ಸುರಿಯುತ್ತೆ, ಎಣ್ಣೆ ಗಟ್ಟಿಯಾಗಿರುತ್ತೆ, ಮೇಲೆ ಚಳಿಗಾಲದ ಟೈರು, ಚಳಿಗಾಲದ ಮಿಶ್ರಣದ ಪೆಟ್ರೋಲು. ಬೇಸಿಗೆಯಲ್ಲಿ ಇದೇ ದಾರಿಗೆ 27.

ಒಮ್ಮೆ ನವೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಇನ್ನೂ ಎರಡು ಇಳಿಯಿತು. ಏನೋ ಕೆಟ್ಟಿದೆ ಅಂತ ಎರಡು ವಾರ ನಿದ್ದೆಗೆಟ್ಟೆ. ಕೊನೆಗೆ ನೋಡಿದರೆ ಟೈರು ಬದಲಿಸಿಕೊಟ್ಟ ಅಂಗಡಿಯವರು ಬೆಚ್ಚಗಿನ ಶೆಡ್ಡಿನೊಳಗೆ ಗಾಳಿ ತುಂಬಿದ್ದರು. ಹೊರಗೆ ಚಳಿ ಬಿದ್ದ ಮೇಲೆ ಟೈರಿನ ಒತ್ತಡ 25 ಪಿಎಸ್‌ಐ! ಬಾಗಿಲ ಅಂಚಿನ ಚೀಟಿ ಹೇಳೋದು 29. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು ಒಂದು ಪಿಎಸ್‌ಐ ಹೋಗುತ್ತೆ. ಐದು ಡಾಲರ್‌ನ ಗೇಜು ತಗೊಳ್ಳಿ, ನಿದ್ದೆ ಉಳಿಯುತ್ತೆ.

ಮ್ಯಾಂಚೆಸ್ಟರ್, ಇಂಗ್ಲೆಂಡ್

ಮಾರಾಯ್ರೇ, ನನ್ನದು 1.5 ಲೀಟರಿನದ್ದು, ಅದು ನಿಮ್ಮ ಅಮೆರಿಕದಲ್ಲಿ ಸಿಗುವುದಿಲ್ಲ. ನನಗೆ 43 ಎಂಪಿಜಿ ಬರ್ತದೆ. ಇದನ್ನು ನ್ಯೂ ಜೆರ್ಸಿಯ ಭಾವನಿಗೆ ಹೇಳಿದ್ದೇ ತಪ್ಪಾಯ್ತು. ಅವರ 2 ಲೀಟರಿನದ್ದಕ್ಕೆ 31 ಅಂತೆ, "ನನ್ನ ಗಾಡಿಯಲ್ಲಿ ಏನೋ ಸಮಸ್ಯೆ ಉಂಟು" ಅಂತ ಸರ್ವಿಸಿಗೆ ಕೊಡಲಿಕ್ಕೆ ಹೊರಟಿದ್ದರು. ಗ್ಯಾಲನ್ನೇ ಬೇರೆ ಅಲ್ವಾ! ನಮ್ಮದು 4.546 ಲೀಟರು, ಅವರದ್ದು 3.785. ನನ್ನ 43 ಅವರ ಲೆಕ್ಕದಲ್ಲಿ ಸುಮಾರು 36. ಹಾಗಾಗಿ ಯಾರಾದರೂ ಇಂಗ್ಲೆಂಡಿನವರು ದೊಡ್ಡ ಅಂಕಿ ಹೇಳಿದರೆ ಮೊದಲು ಆರರಿಂದ ಗುಣಿಸಿ ಐದರಿಂದ ಭಾಗಿಸಿ. ಅಲ್ಲ ಅಲ್ಲ, ಐದರಿಂದ ಗುಣಿಸಿ ಆರರಿಂದ ಭಾಗಿಸಿ. ಆಕ್ಟೇನೂ ಹಾಗೆಯೇ. ನಮ್ಮ ಪಂಪಿನ 95 ಕಂಡು ಹೆದರಬೇಡಿ, ಅಳೆಯುವ ಕ್ರಮ ಬೇರೆ, ಅದು ನಿಮ್ಮ 91ರ ಹತ್ತಿರದ್ದೇ.

ಬೆಂಗಳೂರು

ಮಿಯಾಟಾ ಇಲ್ಲಿ ಮಾರೋದೇ ಇಲ್ಲ, ಹಾಗಾಗಿ ಹೊಟ್ಟೆಕಿಚ್ಚಿನಿಂದ ಬರೀತಿದ್ದೀನಿ. ನಮ್ಮ ಪಾಲಿನ ಸ್ಪೋರ್ಟ್ಸ್ ಕಾರು ಪೋಲೋ ಜಿಟಿ ಟಿಎಸ್‌ಐ, 1.2 ಟರ್ಬೊ, ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರು. ಇಲ್ಲಿ ಮೈಲೇಜ್ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಹೇಳಿದ್ದು ಲೀಟರಿಗೆ 17.2 ಕಿಲೋಮೀಟರ್. ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋದರೆ 8, ಮೈಸೂರು ಹೈವೇಯಲ್ಲಿ 90ಕ್ಕೆ ನಿಂತರೆ 17 ದಾಟುತ್ತೆ. ಟರ್ಬೊ ಗಾಡಿಯ ಗುಣವೇ ಅದು, ಕಾಲು ಹಗುರ ಇದ್ದರೆ ಆಕಳು, ಒತ್ತಿದರೆ ಹುಲಿ. ಟರ್ಬೊ ಇಲ್ಲದ ನಿಮ್ಮ ಎಂಜಿನ್‌ಗೆ ಇಷ್ಟು ಏರಿಳಿತ ಇರಲಿಕ್ಕಿಲ್ಲ. ಇಲ್ಲಿ ಈಗ ಪಂಪಿನಲ್ಲಿ ಶೇ. 20 ಎಥನಾಲ್, ನಿಮಗೆ ಶೇ. 10. ಎಥನಾಲ್‌ನಲ್ಲಿ ಕಸುವು ಪೆಟ್ರೋಲ್‌ನ ಮೂರನೇ ಎರಡು ಭಾಗ ಅಷ್ಟೇ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಾಂತಾ ಕ್ರೂಜ್, ಕ್ಯಾಲಿಫೋರ್ನಿಯಾ

ನಾನು ಚಿಕ್ಕಮಗಳೂರಿನವನು. ನಮ್ಮಪ್ಪ ಜೀಪನ್ನು ಘಾಟಿ ಇಳಿಸುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುತ್ತಿದ್ದರು. ಹೈವೇ 17ರ ಇಳಿಜಾರಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ, ತಪ್ಪು. ಕಾರ್ಬ್ಯುರೇಟರ್ ಕಾಲದ ಬುದ್ಧಿ ಅದು. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ನಿಲ್ಲುತ್ತೆ, ಚಕ್ರವೇ ಎಂಜಿನ್ ತಿರುಗಿಸುತ್ತೆ, ಪೆಟ್ರೋಲ್ ಸೊನ್ನೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಪೆಟ್ರೋಲ್ ಬೇಕು. ಬ್ರೇಕ್ ಬಿಸಿಯಾಗೋದು ಬೇರೆ. ಮೇಲಾಗಿ ಕ್ಯಾಲಿಫೋರ್ನಿಯಾದಲ್ಲಿ ಇಳಿಜಾರನ್ನು ನ್ಯೂಟ್ರಲ್‌ನಲ್ಲಿ ಇಳಿಯೋದು ಕಾನೂನಿಗೇ ವಿರುದ್ಧ. ನಾಲ್ಕನೇ ಗೇರಿನಲ್ಲಿ ಬಿಟ್ಟು ಇಳಿಯಲು ಶುರು ಮಾಡಿದ ಮೇಲೆ ನನ್ನ ಲೆಕ್ಕ 29ರಿಂದ 30ಕ್ಕೆ ಬಂತು.

ಇನ್ನೊಂದು, ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ಇಲ್ಲಿ ಬರೆಯಬೇಡಿ. ಯಾವ ಕಾರಿನದ್ದಾದರೂ ಅದು ಅಂದಾಜು. ಟ್ಯಾಂಕ್ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ, ಮತ್ತೆ ಅದೇ ಪಂಪಿನಲ್ಲಿ ಮೊದಲ ಕ್ಲಿಕ್‌ವರೆಗೆ ತುಂಬಿಸಿ ಭಾಗಿಸಿ. ಟ್ಯಾಂಕೇ 11.9 ಗ್ಯಾಲನ್, ಅರ್ಧ ಗ್ಯಾಲನ್ ಆಚೀಚೆ ಆದರೂ ಉತ್ತರ ಕೆಡುತ್ತೆ. ನಾಲ್ಕೈದು ಟ್ಯಾಂಕ್ ಒಟ್ಟಿಗೆ ಕೂಡಿಸಿ ನೋಡಿ.

ಫೀನಿಕ್ಸ್, ಅರಿಜೋನಾ

ಮಿಯಾಟಾ ಮಾರಿ ಹೈಬ್ರಿಡ್ ಕಾರು ಪ್ರಿಯಸ್ ತಗೊಂಡವನು ನಾನು, ಬೈಯುವುದಿದ್ದರೆ ಬೈಯಿರಿ. ಲೆಕ್ಕ ಮಾತ್ರ ಹೇಳುತ್ತೇನೆ. ವರ್ಷಕ್ಕೆ 12 ಸಾವಿರ ಮೈಲಿ ಅಂತಿಟ್ಟುಕೊಳ್ಳಿ. 30 ಎಂಪಿಜಿಗೆ 400 ಗ್ಯಾಲನ್, 50ಕ್ಕೆ 240. ವ್ಯತ್ಯಾಸ 160 ಗ್ಯಾಲನ್. ಗ್ಯಾಲನ್‌ಗೆ 5 ಡಾಲರ್ ಹಿಡಿದರೆ 800 ಡಾಲರ್, ತಿಂಗಳಿಗೆ 67. ನಾನು ಮಾರಿದ್ದು ಆ 67ಕ್ಕಲ್ಲ, ಅವಳಿ ಮಕ್ಕಳು ಹುಟ್ಟಿದ್ದಕ್ಕೆ. ತಿಂಗಳಿಗೆ 67 ಡಾಲರ್ ಕೊಡ್ತೀನಿ ಅಂದರೆ ಈಗ ಯಾರಾದರೂ ನನ್ನ ಮಿಯಾಟಾ ವಾಪಸ್ ಕೊಡ್ತಾರಾ ಹೇಳಿ.

ಫ್ರೀಮಾಂಟ್‌ನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಈ 67ರ ಲೆಕ್ಕವನ್ನು ಕಾಗದದಲ್ಲಿ ಬರೆದು ಮನೆಯಾಕೆಗೆ ತೋರಿಸಿದೆ. "ಅಷ್ಟೇನಾ" ಅಂದಳು. ನಿನ್ನೆ ಇಬ್ಬರೂ ಹೋಗಿ ಓಡಿಸಿ ಬಂದೆವು. ಟಾಪ್ ಅವಳೇ ತೆಗೆದಳು, ಒಂದೇ ಕೈಯಲ್ಲಿ. ಡಿಕ್ಕಿ ತೆರೆದು ನೋಡಿದ ಮೇಲೆ ಈಗ ಹೊಸ ಪ್ರಶ್ನೆ: ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎಲ್ಲಿಡೋದು?

ಸನಿವೇಲ್

ಡಿಕ್ಕಿಯಲ್ಲಿ ಒಂದು ಚೀಲ ಹಿಡಿಯುತ್ತೆ. ಎರಡನೆಯದನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ, ಇಲ್ಲದಿದ್ದರೆ ಮನೆ ಮುಟ್ಟುವವರೆಗೂ ಟಿಣ್ ಟಿಣ್ ಅನ್ನುತ್ತಿರುತ್ತೆ.