ಹಾಯಿದೋಣಿಯ ರಾತ್ರಿ ಕಾವಲು: ಚಾನೆಲ್ 16ರ ಸದ್ದನ್ನು ಪೂರ್ತಿ ತಗ್ಗಿಸಬಹುದೇ?

ಪ್ರಶ್ನೆ: ಒಳನಾಡಿನ ಹಾಯಿಗಾರ, ದಾವಣಗೆರೆ

ಮಾನ್ಯರೆ, ನಾನು ದಾವಣಗೆರೆಯವನು. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಚಿಕ್ಕ ಹಾಯಿದೋಣಿ ನಡೆಸುವುದನ್ನು ಕಲಿತಿದ್ದೇನೆಯೇ ಹೊರತು ಸಮುದ್ರದ ಅನುಭವ ನನಗಿಲ್ಲ. ಈ ಚಳಿಗಾಲದಲ್ಲಿ ಸ್ನೇಹಿತರೊಬ್ಬರ ನಲವತ್ತು ಅಡಿಯ ಹಾಯಿದೋಣಿಯಲ್ಲಿ ಗೋವಾದಿಂದ ಕೊಚ್ಚಿಯವರೆಗೆ ಹೋಗುವ ತಂಡಕ್ಕೆ ಸೇರಿಕೊಂಡಿದ್ದೇನೆ. ರಾತ್ರಿ ಸರದಿಯಲ್ಲಿ ಚುಕ್ಕಾಣಿ ಹಿಡಿದವರೇ ಹಡಗು ದೋಣಿಗಳು ಪರಸ್ಪರ ಮಾತಾಡುವ ವಿಎಚ್‌ಎಫ್ ರೇಡಿಯೊವನ್ನೂ ಕೇಳಿಸಿಕೊಳ್ಳಬೇಕೆಂಬುದು ದೋಣಿಯ ಕಪ್ತಾನರ ನಿಯಮ.

ಆದರೆ ತಂಡದಲ್ಲಿ ಒಮ್ಮತವಿಲ್ಲ. ಅಪಾಯದ ಕರೆಗೂ ಪರಸ್ಪರ ಕರೆಯುವುದಕ್ಕೂ ಮೀಸಲಾದ ಚಾನೆಲ್ 16ರಲ್ಲಿ ರಾತ್ರಿಯಿಡೀ ಮೀನುಗಾರಿಕಾ ದೋಣಿಗಳ ಮಾತುಕತೆ ನಡೆಯುತ್ತಿರುತ್ತದೆ, ಮಲಗಿದವರಿಗೆ ನಿದ್ರೆ ಬರುವುದಿಲ್ಲ, ಬ್ಯಾಟರಿಯೂ ಖರ್ಚಾಗುತ್ತದೆ. ನಮ್ಮ ಸೆಟ್‌ನಲ್ಲಿ ಡಿಎಸ್‌ಸಿ (ಗುಂಡಿ ಒತ್ತಿದರೆ ಅಂಕಿಗಳ ಸಂಕೇತವಾಗಿ ಕರೆ ಕಳುಹಿಸುವ ವ್ಯವಸ್ಥೆ) ಇರುವುದರಿಂದ ಯಾರಾದರೂ ಅಪಾಯದ ಗುಂಡಿ ಒತ್ತಿದರೆ ಅದೇ ಗಂಟೆ ಬಾರಿಸುತ್ತದೆ, ಆದ್ದರಿಂದ ಧ್ವನಿಯನ್ನು ಸೊನ್ನೆಗೆ ಇಳಿಸಿದರೆ ತಪ್ಪೇನು ಎಂದು ಒಬ್ಬರು ವಾದಿಸುತ್ತಾರೆ. ಕಪ್ತಾನರು ಇದಕ್ಕೆ ಒಪ್ಪುವುದಿಲ್ಲ, ಆದರೆ ಕಾರಣವನ್ನೂ ಬಿಡಿಸಿ ಹೇಳುವುದಿಲ್ಲ. ಯಾರ ಮಾತು ಸರಿ? ಅಪಾಯದ ಕರೆ ನಿಜವಾಗಿಯೂ ಕೇಳಿಬಂದರೆ ನನ್ನಂಥ ಹೊಸಬ ಮೊದಲು ಮಾಡಬೇಕಾದದ್ದೇನು? ಹೊರಡುವ ಮೊದಲು ಒಂದು ಕೈ ಸೆಟ್ ಕೊಂಡು ದಾವಣಗೆರೆಯ ಮನೆಯ ಮಹಡಿಯಿಂದ ಕೇಳುವ ಅಭ್ಯಾಸ ಮಾಡಿಕೊಳ್ಳಲು ಸಾಧ್ಯವೇ?

ಉತ್ತರ 1: ನಿವೃತ್ತ ರೇಡಿಯೊ ಆಫೀಸರ್, ಚಿತ್ರದುರ್ಗ

ನಿಮ್ಮ ಕಪ್ತಾನರು ಸರಿಯಾಗಿಯೇ ಹೇಳಿದ್ದಾರೆ. ಅವರು ಹೇಳದೆ ಬಿಟ್ಟ ಕಾರಣಗಳನ್ನು ನಾನು ಹೇಳುತ್ತೇನೆ.

ಡಿಎಸ್‌ಸಿ ಕೆಲಸ ಮಾಡುವುದು ಚಾನೆಲ್ 70ರಲ್ಲಿ, ಅಂದರೆ 156.525 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಮಾತು ಇರುವುದಿಲ್ಲ, ಅಂಕಿಗಳ ಸಂಕೇತ ಮಾತ್ರ ಹರಿಯುತ್ತದೆ. ನಿಮ್ಮ ಸೆಟ್ ಅದನ್ನು ಪ್ರತ್ಯೇಕ ರಿಸೀವರ್‌ನಿಂದ ಸದಾ ಕೇಳುತ್ತಿರುತ್ತದೆ ಎಂಬುದು ನಿಜ. ಆದರೆ ಆ ಗಂಟೆ ಬಾರಿಸಬೇಕಾದರೆ ಅಪಾಯದಲ್ಲಿರುವವರ ಬಳಿಯೂ ಡಿಎಸ್‌ಸಿ ಇರುವ ಸೆಟ್ ಇರಬೇಕು, ಅದಕ್ಕೆ ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಯ ಗುರುತು ತುಂಬಿರಬೇಕು, ಜಿಪಿಎಸ್ ಜೋಡಿಸಿರಬೇಕು, ಇಲ್ಲದಿದ್ದರೆ ಕರೆ ಬಂದರೂ ಸ್ಥಳ ತಿಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ನಿಮಗೆ ಅತಿ ಸಮೀಪದಲ್ಲಿ ಮುಳುಗುವ ಸಾಧ್ಯತೆ ಇರುವುದು ದೊಡ್ಡ ಹಡಗಲ್ಲ, ಒಂದು ಚಿಕ್ಕ ದೋಣಿ. ಅದರಲ್ಲಿರುವುದು ಡಿಎಸ್‌ಸಿ ಇಲ್ಲದ ಕೈ ಸೆಟ್ ಒಂದೇ ಆಗಿದ್ದರೆ, ಅವರ ಕೂಗು ಚಾನೆಲ್ 16ರಲ್ಲಿ, 156.8 ಮೆಗಾಹರ್ಟ್ಸ್‌ನಲ್ಲಿ, ಮಾನವ ಧ್ವನಿಯಾಗಿಯೇ ಬರಬೇಕು. ನೀವು ಧ್ವನಿಯನ್ನು ಸೊನ್ನೆಗೆ ಇಳಿಸಿದರೆ ಅವರ ಪಾಲಿಗೆ ನೀವು ಆ ಸಮುದ್ರದಲ್ಲೇ ಇಲ್ಲ.

ಉಪಗ್ರಹವಿಲ್ಲದ ಕಾಲದಲ್ಲಿ ಈ ಕೇಳುವ ಕೆಲಸಕ್ಕೆ ಎಷ್ಟು ಬೆಲೆ ಇತ್ತೆಂದರೆ, ನಮ್ಮ ರೇಡಿಯೊ ಕೊಠಡಿಯ ಗಡಿಯಾರದ ಮುಖದ ಮೇಲೆಯೇ ಕೆಂಪು ಮತ್ತು ಹಸಿರು ಪಟ್ಟಿಗಳನ್ನು ಬಳಿದಿರುತ್ತಿದ್ದರು. ಆ ಪಟ್ಟಿಗಳು ತೋರಿಸುವಂತೆ, ಗಂಟೆಗೆ ಸರಿಯಾಗಿ ಮತ್ತು ಅರ್ಧ ಗಂಟೆಗೆ ಮೂರು ಮೂರು ನಿಮಿಷ ಅಪಾಯದ ಧ್ವನಿ ಕರೆಯ 2182 ಕಿಲೋಹರ್ಟ್ಸ್‌ನಲ್ಲಿ, ಹದಿನೈದನೆಯ ಮತ್ತು ನಲವತ್ತೈದನೆಯ ನಿಮಿಷದಿಂದ ಮೂರು ಮೂರು ನಿಮಿಷ 500 ಕಿಲೋಹರ್ಟ್ಸ್‌ನ ಮೋರ್ಸ್‌ನಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಕ್ಷೀಣವಾದ ಕರೆಯೂ ಕೇಳಲಿ ಎಂಬುದಷ್ಟೇ ಆ ಮೌನದ ಉದ್ದೇಶ. 1999ರ ಫೆಬ್ರವರಿ 1ರಿಂದ ಜಿಎಂಡಿಎಸ್‌ಎಸ್ ಎಂಬ ಜಾಗತಿಕ ನೌಕಾ ಅಪಾಯ ಮತ್ತು ಸುರಕ್ಷತಾ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು ನನ್ನಂಥವರ ಹುದ್ದೆಯೇ ಹೋಯಿತು (ಅದರ ಬಗ್ಗೆ ದೂರಿಲ್ಲ, ವ್ಯವಸ್ಥೆ ಒಳ್ಳೆಯದೇ). ಆದರೂ ಚಾನೆಲ್ 16ರ ಕಾವಲನ್ನು ಯಾರೂ ಕೈಬಿಟ್ಟಿಲ್ಲ ಎಂಬುದನ್ನು ಗಮನಿಸಿ.

ಇನ್ನು ಬ್ಯಾಟರಿಯ ಮಾತು. ಸುಮ್ಮನೆ ಕೇಳುತ್ತಿರುವ ಸೆಟ್ ಸಾಮಾನ್ಯವಾಗಿ ಅರ್ಧ ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ. 25 ವಾಟ್‌ನಲ್ಲಿ ಮಾತನಾಡುವಾಗ ಮಾತ್ರ ಐದಾರು ಆಂಪಿಯರ್‌ಗೆ ಏರುತ್ತದೆ. ಬ್ಯಾಟರಿ ಉಳಿಸಬೇಕಿದ್ದರೆ ಫ್ರಿಜ್ ಆರಿಸಿ.

ಉತ್ತರ 2: ಸೆಕೆಂಡ್ ಆಫೀಸರ್, ಹರಿಹರ (ಸದ್ಯ ರಜೆಯಲ್ಲಿ)

ಹಿರಿಯರ ಮಾತಿಗೆ ನನ್ನ ಸಹಮತವಿದೆ. ಆದರೆ ಧ್ವನಿಯನ್ನು ಏರಿಸಿಟ್ಟ ಮಾತ್ರಕ್ಕೆ ಕಾವಲು ಆಯಿತೆಂದು ತಿಳಿಯಬೇಡಿ. ಹಲವು ದೋಣಿಗಳಲ್ಲಿ ಕೆಡುವುದು ಸ್ಕ್ವೆಲ್ಚ್ ಗುಂಡಿಯಿಂದ, ಅಂದರೆ ಕರೆ ಇಲ್ಲದಾಗಿನ ಸದ್ದನ್ನು ತಡೆಯುವ ಗುಂಡಿಯಿಂದ. ಗೊರಗೊರ ಸದ್ದು ತಡೆಯಲಾರದೆ ಅದನ್ನು ಬಹಳ ಮೇಲಕ್ಕೆ ತಿರುಗಿಸಿದರೆ, ಹತ್ತಿರದ ಬಲವಾದ ಸಂಕೇತಗಳು ಮಾತ್ರ ಒಳಬಂದು ದೂರದ ದುರ್ಬಲ ಸಂಕೇತಗಳು ಬಾಗಿಲಲ್ಲೇ ಉಳಿಯುತ್ತವೆ. ಸದ್ದು ನಿಲ್ಲುವ ಬಿಂದುವಿಗೆ ತಂದು ಅಲ್ಲಿಂದ ಕೂದಲೆಳೆಯಷ್ಟು ಮಾತ್ರ ಮುಂದಕ್ಕೆ ತಿರುಗಿಸಬೇಕು. ಸರದಿ ಬದಲಾದಾಗಲೆಲ್ಲ ಇದನ್ನು ಹೊಸದಾಗಿ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಈ ಸೆಟ್‌ಗಳು ಬಳಸುವ ಎಫ್‌ಎಂ ವಿಧಾನದ ಸ್ವಭಾವಕ್ಕೆ ಸಂಬಂಧಿಸಿದ್ದು. ಒಂದೇ ಚಾನೆಲ್‌ನಲ್ಲಿ ಎರಡು ಸಂಕೇತಗಳು ಒಟ್ಟಿಗೆ ಬಂದಾಗ ರಿಸೀವರ್ ಬಲವಾದದ್ದನ್ನು ಹಿಡಿದು ದುರ್ಬಲವಾದದ್ದನ್ನು ನುಂಗಿಬಿಡುತ್ತದೆ. ಜಾತ್ರೆಯಲ್ಲಿ ಧ್ವನಿವರ್ಧಕದ ಕೆಳಗೆ ನಿಂತವನಿಗೆ ಮಗುವಿನ ಅಳು ಕೇಳದಂತೆ. ಪಕ್ಕದ ದೋಣಿಯವರು ಚಾನೆಲ್ 16ರಲ್ಲಿ ಹರಟುತ್ತಿದ್ದರೆ ಹತ್ತು ಮೈಲಿ ಆಚೆಯ ಕೈ ಸೆಟ್‌ನ ಮೇಡೇ (ಪ್ರಾಣಾಪಾಯದ) ಕರೆ ನಿಮ್ಮನ್ನು ತಲುಪುವುದೇ ಇಲ್ಲ. ಆದ್ದರಿಂದ ಹರಟೆ ನಿಂತ ಕ್ಷಣಗಳಲ್ಲಿ ಕಿವಿ ಹೆಚ್ಚು ಚುರುಕಾಗಿರಬೇಕು. ಜನ ಮಾಡುವುದು ತದ್ವಿರುದ್ಧ: ಹರಟೆ ನಿಂತೊಡನೆ ಗಮನವನ್ನೂ ಸಡಿಲಿಸುತ್ತಾರೆ.

ದೂರದ ಲೆಕ್ಕವೂ ತಿಳಿದಿರಲಿ. ಎರಡು ಆಂಟೆನಾಗಳ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಪ್ರತಿಯೊಂದರ ವರ್ಗಮೂಲವನ್ನು ಕೂಡಿಸಿ, ಸುಮಾರು 2.2ರಿಂದ ಗುಣಿಸಿದರೆ ನಾಟಿಕಲ್ ಮೈಲಿಯಲ್ಲಿ ಅಂದಾಜು ವ್ಯಾಪ್ತಿ ಸಿಗುತ್ತದೆ. ನಿಮ್ಮ ಕೂವೆಯ (ಹಾಯಿಕಂಬದ) ತುದಿಯ ಆಂಟೆನಾ 16 ಮೀಟರ್ ಎತ್ತರದಲ್ಲಿದ್ದು, ಜೀವರಕ್ಷಕ ತೆಪ್ಪದಲ್ಲಿ ಕುಳಿತವನ ಕೈ ಸೆಟ್ ಒಂದು ಮೀಟರ್ ಎತ್ತರದಲ್ಲಿದ್ದರೆ ಅಂತರ ಸುಮಾರು 11 ಮೈಲಿ. ಎರಡೂ ಕಡೆ ಕೈ ಸೆಟ್‌ಗಳೇ ಆಗಿದ್ದರೆ ನಾಲ್ಕೂವರೆ ಮೈಲಿ ದಾಟುವುದಿಲ್ಲ. ಹೀಗಾಗಿ ಕಾವಲಿಗೆ ಕೂವೆಯ ಆಂಟೆನಾಕ್ಕೆ ಜೋಡಿಸಿದ ಮುಖ್ಯ ಸೆಟ್ಟೇ ಬೇಕು. ಮಲಗಿದವರಿಗೆ ತೊಂದರೆಯಾಗುವುದಾದರೆ ಚುಕ್ಕಾಣಿಯ ಬಳಿ ಇನ್ನೊಂದು ಸ್ಪೀಕರ್ ಅಥವಾ ತಂತಿಯ ಮೈಕ್ ಹಾಕಿಸಿಕೊಳ್ಳಲು ಕಪ್ತಾನರನ್ನು ಕೇಳಿ. ಜಗಳ ಅಲ್ಲಿಗೆ ಮುಗಿಯುತ್ತದೆ.

ಈಗ ಕರೆ ಬಂದರೆ ಏನು ಮಾಡಬೇಕೆಂಬ ಪ್ರಶ್ನೆ. ಮೊದಲು ಬರೆದುಕೊಳ್ಳಿ, ಆಮೇಲೆ ಬಾಯಿ ತೆರೆಯಿರಿ. ಸಮಯ, ದೋಣಿಯ ಹೆಸರು, ಅಕ್ಷಾಂಶ ರೇಖಾಂಶ, ಅಪಾಯದ ಬಗೆ, ಜನರ ಸಂಖ್ಯೆ; ಎಲ್ಲವೂ ಸಿಗದಿದ್ದರೂ ಸ್ಥಳ ತಪ್ಪಬಾರದು. ಬರೆಯುತ್ತಲೇ ಕಪ್ತಾನರನ್ನು ಎಬ್ಬಿಸಿ. ಕರಾವಳಿ ಕೇಂದ್ರಕ್ಕೆ ಉತ್ತರಿಸಲು ಸ್ವಲ್ಪ ಅವಕಾಶ ಕೊಟ್ಟು, ಯಾರೂ ಉತ್ತರಿಸದಿದ್ದರೆ ನೀವೇ ಚಾನೆಲ್ 16ರಲ್ಲಿ ಕರೆ ತಲುಪಿತೆಂದು ತಿಳಿಸಿ, ಮೇಡೇ ರಿಲೇ (ಇನ್ನೊಬ್ಬರ ಪರವಾಗಿ ಅಪಾಯದ ಕರೆ) ಎಂದು ಮೂರು ಬಾರಿ ಹೇಳಿ ಅದೇ ವಿವರವನ್ನು ಮುಂದಕ್ಕೆ ದಾಟಿಸಬೇಕು. ಡಿಎಸ್‌ಸಿ ಕರೆ ಬಂದಾಗ ಅದಕ್ಕೆ ಡಿಎಸ್‌ಸಿಯಲ್ಲೇ ಸ್ವೀಕೃತಿ ಕಳುಹಿಸಬೇಡಿ. ಹಾಗೆ ಮಾಡಿದರೆ ಅವರ ಸೆಟ್ ತಾನಾಗಿ ಮತ್ತೆ ಮತ್ತೆ ಕಳುಹಿಸುತ್ತಿದ್ದ ಕರೆ ನಿಂತುಹೋಗಬಹುದು, ದಡದವರಿಗೆ ಅದು ಇನ್ನೂ ತಲುಪಿರದಿರಬಹುದು. ಸ್ವೀಕೃತಿಯನ್ನು ದಡದವರಿಗೇ ಬಿಟ್ಟು ನೀವು ಧ್ವನಿಯಲ್ಲಿ ಉತ್ತರಿಸಿ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ರಕ್ಷಣೆಯ ಸಮನ್ವಯ ಕೋಸ್ಟ್ ಗಾರ್ಡ್‌ನ ಮುಂಬೈ ಕೇಂದ್ರದ್ದು; ನವ ಮಂಗಳೂರಿನಲ್ಲಿ ಅದರ ಉಪಕೇಂದ್ರವಿದೆ. ಮೊಬೈಲ್ ಸಿಗ್ನಲ್ ಇದ್ದರೆ 1554ಕ್ಕೂ ಕರೆ ಮಾಡಬಹುದು. ಆದರೆ ಅದು ರೇಡಿಯೊಗೆ ಬದಲಿಯಲ್ಲ, ಏಕೆಂದರೆ ಫೋನಿನ ಮಾತು ಸುತ್ತಲಿನ ದೋಣಿಗಳಿಗೆ ಕೇಳುವುದಿಲ್ಲ.

ಉತ್ತರ 3: ಹವ್ಯಾಸಿ ರೇಡಿಯೊ, ದಾವಣಗೆರೆ

ಮನೆಯಿಂದ ಕೇಳುವ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೂ ಕರಾವಳಿ 150 ಕಿಲೋಮೀಟರ್‌ಗೂ ಆಚೆ ಇದೆ, ನಡುವೆ ಇಡೀ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ತುದಿಗೆ ಹೋಗಿ ಕುಳಿತರೂ ಫಲ ಸಿಗದು. ಮೇಲಾಗಿ ನೌಕಾ ವಿಎಚ್‌ಎಫ್ ಸೆಟ್ ಇಟ್ಟುಕೊಳ್ಳಲು ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ನೌಕಾ ಚಾನೆಲ್‌ಗಳಲ್ಲಿ ಮಾತನಾಡಲು ಅಧಿಕಾರ ಕೊಡುವುದಿಲ್ಲ. ಆದ್ದರಿಂದ ಅಂತರ್ಜಾಲದಲ್ಲಿ ಸಿಗುವ ಧ್ವನಿಮುದ್ರಿಕೆಗಳನ್ನು ಕೇಳಿ, ಪೆನ್ನು ಹಿಡಿದು ಸ್ಥಳದ ಅಂಕಿಗಳನ್ನು ಒಂದೇ ಸಲಕ್ಕೆ ಬರೆದುಕೊಳ್ಳುವುದನ್ನು ರೂಢಿಸಿಕೊಳ್ಳಿ. ರೇಡಿಯೊದಲ್ಲಿ ಅಕ್ಷರಗಳನ್ನು ಬಿಡಿಸಿ ಹೇಳುವ ಅಲ್ಫಾ, ಬ್ರಾವೊ, ಚಾರ್ಲಿ ಅಕ್ಷರಮಾಲೆಯ ಅಭ್ಯಾಸಕ್ಕೆ ಬಸ್ಸಿನ ಕಿಟಕಿಯಿಂದ ಕಾಣುವ ವಾಹನಗಳ ನೋಂದಣಿ ಸಂಖ್ಯೆಗಳು ಸಾಕು.

ಒಳನಾಡಿನವರಿಗೆ ಹೆಮ್ಮೆ ತರುವ ಒಂದು ಸಂಗತಿಯನ್ನೂ ಸೇರಿಸಬಹುದೇನೋ: ನಿಮ್ಮ ದೋಣಿಯ 406 ಮೆಗಾಹರ್ಟ್ಸ್ ತುರ್ತು ಬೀಕನ್ ಹೊತ್ತಿಕೊಂಡರೆ ಆ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೊ ನಿಯಂತ್ರಣ ಕೇಂದ್ರವನ್ನು ತಲುಪಿ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ.

ಒಳನಾಡಿನ ಹಾಯಿಗಾರ

ಎಲ್ಲರಿಗೂ ಕೃತಜ್ಞತೆಗಳು. ಸ್ಪೀಕರ್‌ನ ಸಲಹೆಯನ್ನು ಕಪ್ತಾನರಿಗೆ ತಿಳಿಸಿದ್ದೇನೆ, ಒಪ್ಪಿದ್ದಾರೆ. ಇನ್ನೊಂದೇ ಸಂದೇಹ. ಮೀನುಗಾರರು ಮೇಡೇ ಎಂಬ ಪದವನ್ನು ಬಳಸದೆ ತಮ್ಮ ಭಾಷೆಯಲ್ಲೇ ಸಹಾಯ ಕೇಳಿದರೆ ಅದನ್ನು ಅಪಾಯದ ಕರೆ ಎಂದು ಪರಿಗಣಿಸಬೇಕೇ?

ನಿವೃತ್ತ ರೇಡಿಯೊ ಆಫೀಸರ್, ಚಿತ್ರದುರ್ಗ

ಖಂಡಿತವಾಗಿ ಪರಿಗಣಿಸಬೇಕು. ಪದ್ಧತಿಯಂತೆ ಕರೆಯಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ನೀರಿನಲ್ಲಿ ಬಿಡುವಂತಿಲ್ಲ. ಧ್ವನಿಯ ಆತಂಕ, ಒಂದೇ ಮಾತಿನ ಪುನರಾವರ್ತನೆ, ನಡುವೆ ಕೇಳುವ ಅಂಕಿಗಳು, ಇವು ಭಾಷೆ ಬಾರದವನಿಗೂ ತಿಳಿಯುತ್ತವೆ. ಗೋವಾದಿಂದ ಕೊಚ್ಚಿಯವರೆಗೆ ನಿಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಕೊಂಕಣಿ, ಕನ್ನಡ, ತುಳು, ಮಲಯಾಳಂ. ಉಳಿದ ಮೂರು ಭಾಷೆಗಳಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನೂ, ನೀವು ಎಲ್ಲಿದ್ದೀರಿ ಎಂದು ಕೇಳುವ ಒಂದು ವಾಕ್ಯವನ್ನೂ ಕನ್ನಡ ಲಿಪಿಯಲ್ಲಿ ಬರೆದು ಸೆಟ್‌ನ ಪಕ್ಕದಲ್ಲಿ ಅಂಟಿಸಿ. ಜಿಪಿಎಸ್ ನೋಡಿ ಅವರು ಓದಿ ಹೇಳುವ ಅಂಕಿಗಳು ಸಿಕ್ಕರೆ ಉಳಿದದ್ದನ್ನು ನೀವು ಇಂಗ್ಲಿಷಿನಲ್ಲಿ ಕೋಸ್ಟ್ ಗಾರ್ಡ್‌ಗೆ ದಾಟಿಸಬಹುದು. ಆ ಹಾಳೆಯನ್ನು ಬರೆಯಲು ಮಲ್ಪೆ ಕಡೆಯವರು ಯಾರಾದರೂ ಪರಿಚಯವಿದ್ದರೆ ಈಗಲೇ ಕೇಳಿಡಿ, ಗೋವಾ ತಲುಪಿದ ಮೇಲೆ ಸಮಯ ಸಿಗುವುದಿಲ್ಲ.