ಡಂಗರಿ ಅನ್ನೋ ಹೆಸರು ನಮ್ಮ ಡೋಂಗ್ರಿಯದ್ದೇನಾ?

ಡೊಂಬಿವಲಿ ಅಜ್ಜಿ:
ಮೊಮ್ಮಗಳ ಹುಟ್ಟುಹಬ್ಬಕ್ಕೆ ಡಂಗರಿ ಹೊಲಿಯಲು ಕೂತಿದ್ದೇನೆ. ಎದೆ ಮೇಲೆ ದೊಡ್ಡ ಜೇಬು, ಭುಜಕ್ಕೆ ಎರಡು ಪಟ್ಟಿ ಇರುತ್ತಲ್ಲ, ಅದು. ಬಟ್ಟೆಗೆ ಮಂಗಲದಾಸ್ ಮಾರ್ಕೆಟ್‌ಗೆ ಹೋಗಿದ್ದೆ. ಅಂಗಡಿಯವನು ಅಳೆಯುತ್ತಾ, "ಆಂಟಿ, ಡಂಗರಿ ಇಂಗ್ಲಿಷ್ ಮಾತಲ್ಲ, ನಮ್ಮ ಡೋಂಗ್ರಿ ಹೆಸರು" ಅಂದ. ಮುಂಬೈಯ ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ ಹತ್ತಿರದ ಡೋಂಗ್ರಿ! ಮನೆಗೆ ಬಂದು ಹೇಳಿದರೆ ಯಜಮಾನರು, "ಸುಮ್ನೆ ಏನೋ ಹೇಳಿರ್ತಾನೆ, ಬಿಡು" ಎಂದರು. ನಲವತ್ತು ವರ್ಷದಿಂದ ಈ 'ಬಿಡು' ಕೇಳಿ ಸಾಕಾಗಿದೆ. ತಿಳಿದವರು ಹೇಳಿ, ನಿಜವಾ?

ಮಿಲ್ ಮಾವ:
ನಿಜ ಅಕ್ಕ. ಡೋಂಗ್ರಿಯಲ್ಲಿ ಮಾರುತ್ತಿದ್ದ ಅಗ್ಗದ, ಒರಟು ಹತ್ತಿ ಬಟ್ಟೆಗೆ ಡುಂಗ್ರಿ ಅಂತ ಹೆಸರಿತ್ತು. 17ನೇ ಶತಮಾನದಲ್ಲೇ ಅದು ಇಂಗ್ಲಿಷರ ಬಾಯಿಗೆ ಬಿತ್ತು. ಮೊದಲು ಬರೀ ಬಟ್ಟೆಯ ಹೆಸರು. ಅದರಲ್ಲಿ ಹೊಲಿದ ಕೆಲಸದ ಉಡುಪಿಗೆ ಅದೇ ಹೆಸರು ಅಂಟಿದ್ದು ಆಮೇಲೆ. ಹಡಗಿನ ಆಳುಗಳೂ ಹಾಕುತ್ತಿದ್ದರು. ನಾನು ಪರೇಲ್‌ನ ಒಂದು ಮಿಲ್ಲಿನ ವೀವಿಂಗ್ ಖಾತೆಯಲ್ಲಿದ್ದೆ. ನಮ್ಮ ಫಿಟ್ಟರ್ ದಿನಾ ನೀಲಿ ಡಂಗರಿ ಹಾಕಿಕೊಂಡು ಬರುತ್ತಿದ್ದ. ಅವನ ಚಾಳು, ಅಂದರೆ ವಠಾರ, ಇದ್ದದ್ದೂ ಡೋಂಗ್ರಿಯಲ್ಲೇ. ಊರಿನ ಹೆಸರನ್ನೇ ಮೈಮೇಲೆ ಹಾಕಿಕೊಂಡು ಓಡಾಡಿದ, ಪಾಪ, ಗೊತ್ತೇ ಇರಲಿಲ್ಲ.

ಬೆಳಗಾವಿಯವ, ಈಗ ಠಾಣೆ:
ಆಯಿ, ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯಿರಿ. ಮರಾಠಿಯಲ್ಲಿ ಡೊಂಗರ ಅಂದರೆ ಗುಡ್ಡ, ಡೋಂಗ್ರಿ ಅಂದರೆ ಸಣ್ಣ ಗುಡ್ಡ. ನಿಮ್ಮ ಮೊಮ್ಮಗಳು ಹಾಕಿಕೊಳ್ಳೋದು ಗುಡ್ಡವನ್ನ! ಇಂಗ್ಲಿಷಿನವರ ಗನ್ನಿ ಬ್ಯಾಗ್ ಕೂಡ ನಮ್ಮ ಗೋಣಿಯ ನೆಂಟನೇ. ಕ್ಯಾಲಿಕೋ ಬಂದದ್ದು ಕಲ್ಲಿಕೋಟೆಯಿಂದ. ಡೆನಿಮ್ ಮಾತ್ರ ನಮ್ಮದಲ್ಲ, ಅದು ಫ್ರಾನ್ಸಿನ ನೀಮ್ ಊರಿನ ಹೆಸರು.

ಡೊಂಬಿವಲಿ ಅಜ್ಜಿ:
ಹಾಗಾದರೆ ನಾನು ತಂದದ್ದು ಯಾವುದು? ಹೊರಗೆ ನೀಲಿ, ತಿರುಗಿಸಿದರೆ ಒಳಗೆ ಬೆಳ್ಳಗಿದೆ.

ಮಿಲ್ ಮಾವ:
ಅಂಚಿನಲ್ಲಿ ಎರಡು ಎಳೆ ಬಿಡಿಸಿ ನೋಡಿ. ಹಾಸು, ಅಂದರೆ ಉದ್ದದ ಎಳೆ, ನೀಲಿ; ಹೊಕ್ಕು, ಅಂದರೆ ಅಡ್ಡ ಎಳೆ, ಬಿಳಿ ಇದ್ದರೆ ಡೆನಿಮ್. ಬಟ್ಟೆಯ ಹೆಸರು ಫ್ರಾನ್ಸಿನದು, ಉಡುಪಿನ ಹೆಸರು ಡೋಂಗ್ರಿಯದು. ಹತ್ತಿ ಡೆನಿಮ್ ಕುಗ್ಗುತ್ತೆ ಅಕ್ಕ, ಕತ್ತರಿಸುವ ಮುಂಚೆ ಒಮ್ಮೆ ನೀರಿಗೆ ಹಾಕಿ.

ಡೊಂಬಿವಲಿ ಅಜ್ಜಿ:
ಅಯ್ಯೋ, ಎರಡೂ ಕಾಲು ಕತ್ತರಿಸಿ ಆಯ್ತಲ್ಲ ಅಣ್ಣ! ಕೆಳಗೆ ಎರಡು ಇಂಚು ಮಡಿಕೆ ಬಿಟ್ಟಿದ್ದೇನೆ. ಸಾಕಾಗುತ್ತಾ?