ಹಿತ್ತಾಳೆ ಕುಂಕುಮದ ಬಟ್ಟಲಿಗೆ ಬೆಳ್ಳಿ ಗಿಲೀಟು: ಒರೆಸಿದರೆ ಕಪ್ಪು ಬರ್ತಿದೆ

ಪಿಜೆಬಡಾವಣೆ_17, ದಾವಣಗೆರೆ:
ಸಿಲ್ವರ್ ನೈಟ್ರೇಟ್ ಅನ್ನು ಬೋರ್ ನೀರಲ್ಲಿ ಕರಗಿಸಿದೆ, ಹಾಲಿನಂತೆ ಬೆಳ್ಳಗಾಯ್ತು. 12 ವೋಲ್ಟ್ ಅಡಾಪ್ಟರ್, ಆನೋಡ್‌ಗೆ (ಪ್ಲಸ್ ವೈರ್ ಕಡೆಗೆ) ಹಳೇ ಕಾಲ್ಗೆಜ್ಜೆ ತುಂಡು. ಬಟ್ಟಲು ಅದ್ದಿದ ಕ್ಷಣಕ್ಕೇ ಕಪ್ಪು ಹತ್ತುತ್ತೆ, ಒರೆಸಿದರೆ ಬಟ್ಟೆಗೆ ಬರುತ್ತೆ. ಒಳಗೂ ಹೊರಗೂ ಸೇರಿ ಸುಮಾರು 100 ಚದರ ಸೆಂ.ಮೀ. ಎಲ್ಲಿ ತಪ್ಪು?

ದುರ್ಗದ ಹೈದ:
ತಪ್ಪು ಒಂದಲ್ಲ ಸರ್. ಮೊದಲನೆಯದು, ಕರೆಂಟ್ ಇಲ್ಲದೇನೇ ಕಪ್ಪು ಹತ್ತುತ್ತಿದೆ. ಬರೀ ನೈಟ್ರೇಟ್‌ನಲ್ಲಿ ಬೆಳ್ಳಿ ಬಿಡಿಯಾಗಿರುತ್ತೆ. ಹಿತ್ತಾಳೆಯ ತಾಮ್ರ, ಸತು ಕರಗಿ ಹೋಗಿ ಆ ಜಾಗಕ್ಕೆ ಬೆಳ್ಳಿ ಪುಡಿಪುಡಿಯಾಗಿ ಕೂರುತ್ತೆ. ಪುಡಿಗೆ ಹಿಡಿತ ಇಲ್ಲ. ಬೆಳ್ಳಿಯನ್ನು ಕಟ್ಟಿಹಾಕೋ ದ್ರಾವಣ ಬೇಕು. ಕಾರ್ಖಾನೆಗಳಲ್ಲಿ ಅದಕ್ಕೆ ಸಯನೈಡ್ ಬಳಸ್ತಾರೆ. ಮನೇಲಿ ಅದರ ಹೆಸರೂ ಎತ್ತಬೇಡಿ, ಆಮ್ಲ ತಗುಲಿದರೆ ಜೀವ ತೆಗೆಯೋ ಅನಿಲ. ಹೈಪೋ, ಅಂದರೆ ಫೋಟೋದವರ ಸೋಡಿಯಂ ಥಯೋಸಲ್ಫೇಟ್, ಸಾಕು.

ಅರ್ಧ ಲೀಟರ್‌ಗೆ: 350 ಮಿ.ಲೀ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಿಗೆ ಹೈಪೋ 100 ಗ್ರಾಂ, ಆಮೇಲೆ ಸೋಡಿಯಂ ಸಲ್ಫೈಟ್ 15 ಗ್ರಾಂ. ಬೇರೆ ಗ್ಲಾಸಿನಲ್ಲಿ 50 ಮಿ.ಲೀ. ನೀರಿಗೆ ಸಿಲ್ವರ್ ನೈಟ್ರೇಟ್ 8 ಗ್ರಾಂ. ಇದನ್ನು ಹೈಪೋ ನೀರಿಗೆ ಹನಿಹನಿಯಾಗಿ, ಕಲಕುತ್ತಾ ಹಾಕಿ. ತಿರುಗುಮುರುಗು ಮಾಡಿದರೆ ಬಿಳಿ ಬಂದು, ಹಳದಿಯಾಗಿ, ಕೊನೆಗೆ ಕಪ್ಪು ಸಿಲ್ವರ್ ಸಲ್ಫೈಡ್ ಆಗುತ್ತೆ, ದುಡ್ಡು ನೀರುಪಾಲು. ಆಮೇಲೆ ನೀರು ಸೇರಿಸಿ 500 ಮಾಡಿ. ಇದರಲ್ಲಿ ಬೆಳ್ಳಿ ಸುಮಾರು 5 ಗ್ರಾಂ.

12 ವೋಲ್ಟ್ ಬಿಟ್ಟುಬಿಡಿ, ಅಂಚುಗಳು ಸುಟ್ಟು ಕಪ್ಪಾಗ್ತವೆ. ಕರೆಂಟ್ ಮಿತಿ ಇಡೋಕೆ ಬರೋ ಪವರ್ ಸಪ್ಲೈ ತಗೊಂಡು 0.4 ಆಂಪಿಯರ್‌ಗೆ ನಿಲ್ಲಿಸಿ, ವೋಲ್ಟ್ ತಾನೇ ಹೊಂದಿಕೊಳ್ಳುತ್ತೆ. 1 ಆಂಪಿಯರ್-ಗಂಟೆಗೆ 4.02 ಗ್ರಾಂ ಬೆಳ್ಳಿ ಕೂರುತ್ತೆ. ನಿಮ್ಮ ಬಟ್ಟಲಿಗೆ 5 ಮೈಕ್ರಾನ್ ದಪ್ಪದ ಲೇಪನ ಅಂದರೆ ಅರ್ಧ ಗ್ರಾಂ ಚಿಲ್ಲರೆ, ಸುಮಾರು 20 ನಿಮಿಷ.

ವೈರ್ ಸಿಗಿಸಿ, ಸ್ವಿಚ್ ಹಾಕಿ, ಆಮೇಲೆ ಬಟ್ಟಲು ಇಳಿಸಿ. ಈ ಕ್ರಮ ತಪ್ಪಿದರೆ ಹೈಪೋದಲ್ಲೂ ಅದೇ ಪುಡಿ.

ವರ್ಕ್‌ಶಾಪ್_ಹೊಳಲ್ಕೆರೆ:
ಮೇಲಿನದಕ್ಕೆ ಸೇರಿಸ್ತೀನಿ. ಕಾಲ್ಗೆಜ್ಜೆ ಬೇಡ್ರಿ, ಅದರಲ್ಲಿ ತಾಮ್ರ ಬೆರಕೆ ಇರ್ತದ, ದ್ರಾವಣ ಕೆಡ್ತದ. ಚಿನಿವಾರರ ಹತ್ರ 999ರ (ಅಪ್ಪಟ ಬೆಳ್ಳಿ) ತಗಡು ಕೇಳ್ರಿ. ಬಟ್ಟಲ ಒಳಗೆ ಕರೆಂಟ್ ಸರಿಯಾಗಿ ಹೋಗಲ್ಲ, ಒಳಕ್ಕೂ ಅದೇ ತಗಡಿನ ಒಂದು ಪಟ್ಟಿ ಇಳಿಬಿಡ್ರಿ, ಬಟ್ಟಲಿಗೆ ಮುಟ್ಟಬಾರದು ಅಷ್ಟೆ.

ಹಿಡಿತ ಬರೋದು ತೊಳೆಯೋದರಲ್ಲಿ. ಅಂಗಡಿ ಹಿತ್ತಾಳೆಗೆ ಮೇಲೆ ಲ್ಯಾಕರ್ (ವಾರ್ನಿಶ್ ತರದ ಪದರ) ಇರ್ತದ, ಹುಣಸೆಹಣ್ಣಿಗೆ ಅದು ಜಗ್ಗಲ್ಲ. ಥಿನ್ನರ್‌ನಲ್ಲಿ ತೆಗೆದು, ಬಿಸಿ ವಾಷಿಂಗ್ ಸೋಡಾ ನೀರಲ್ಲಿ ಉಜ್ಜಿ, ಸಿಟ್ರಿಕ್ ಆಸಿಡ್ ನೀರಲ್ಲಿ ಒಂದು ನಿಮಿಷ ಅದ್ದಿ ತೊಳೀರಿ. ನೀರು ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದದ ಅಂತ ಅರ್ಥ. ಮೈತುಂಬ ಒಂದೇ ಪದರಾಗಿ ನಿಲ್ಲಬೇಕು. ಕೈಬೆರಳು ತಾಗಿಸಬ್ಯಾಡ್ರಿ. ಆಸಿಡ್ ಮಾತ್ರ ಪೂರ್ತಿ ತೊಳೆದುಹೋಗಬೇಕು, ಹೈಪೋಗೆ ಸೇರಿದರೆ ಗಂಧಕ ಬೇರ್ಪಟ್ಟು ಮಬ್ಬಾಗ್ತದ, ಕಟುವಾಸನೆ ಬರ್ತದ. ಕಿಟಕಿ ತೆರೆದಿರಲಿ.

ಪಿಜೆಬಡಾವಣೆ_17:
ಬೋರ್ ನೀರಿನ ಬಿಳುಪು ಸಿಲ್ವರ್ ಕ್ಲೋರೈಡ್ ತಾನೇ? ಹೈಪೋದಲ್ಲಿ ಅದು ಕರಗುತ್ತೆ ಅಂತಾರೆ, ಹಾಗಾದರೆ ಬೋರ್ ನೀರೇ ಆಗಲ್ವಾ?

ದುರ್ಗದ ಹೈದ:
ಕರಗೋದು ನಿಜ. ಆದರೆ ನಮ್ಮ ಕಡೆ ನೀರು ಗಡಸು, ಅದರ ಕ್ಯಾಲ್ಸಿಯಂ, ದ್ರಾವಣದಲ್ಲಿರೋ ಸಲ್ಫೈಟ್ ಜೊತೆ ಸೇರಿ ತಳ ಹಿಡಿಯುತ್ತೆ. ಆ ಕಣ ಲೇಪನದಲ್ಲಿ ಸಿಕ್ಕಿ ಮೇಲ್ಮೈ ತರಿತರಿಯಾಗುತ್ತೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿಗೇನು ಮಹಾ ಬೆಲೆ!

ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಬಿದ್ದರೆ ದಿನಗಟ್ಟಲೆ ಕಪ್ಪು ಹೋಗಲ್ಲ, ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ. ಅದಕ್ಕೆ ಅಮೋನಿಯಾ ಬೆರೆಸಿ ಇಡೋ ಪಾಠ ಎಲ್ಲಾದರೂ ಕಂಡರೆ ಮಾಡಬೇಡಿ, ಇಟ್ಟಲ್ಲೇ ಸಿಡಿಯೋ ವಸ್ತು ಆಗುತ್ತೆ. ಮುಗಿದ ದ್ರಾವಣ ಚರಂಡಿಗೆ ಬೇಡ: ಸ್ಟೀಲ್ ವುಲ್ (ಕಬ್ಬಿಣದ ಸಣ್ಣ ಎಳೆಗಳ ಉಂಡೆ) ಹಾಕಿ ಒಂದೆರಡು ದಿನ ಬಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ಕೂರುತ್ತೆ. ಸೋಸಿ ಒಣಗಿಸಿ ಇಟ್ಕೊಳ್ಳಿ, ಅದೂ ಬೆಳ್ಳಿಯೇ.